ಫಿಕ್ಸ್ ಮಾಡುವ ಮುಂಚೆ ಸ್ಟ್ಯಾಂಡಿಂಗ್ ಚಾರ್ಜ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರಿಗೆ ಮೂರು ತಿಂಗಳಿಗೊಮ್ಮೆ ಒಂದು ತಲೆನೋವು ಬರುತ್ತದೆ. ಆಫ್‌ಜೆಮ್ ಎಂಬ ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ ಮನೆಗಳ ಕರೆಂಟು ಮತ್ತು ಗ್ಯಾಸಿಗೆ ಮುಂದಿನ ಮೂರು ತಿಂಗಳ ದರದ ಮಿತಿಯನ್ನು ಪ್ರಕಟಿಸುತ್ತದೆ. ಅದೇ ಸಂಜೆ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಪ್ರಶ್ನೆ: ದರವನ್ನು ಒಂದೆರಡು ವರ್ಷಕ್ಕೆ ಫಿಕ್ಸ್ ಮಾಡೋದಾ, ಬೇಡ್ವಾ? ಒಬ್ಬರು ರಷ್ಯಾ ಎನ್ನುತ್ತಾರೆ, ಇನ್ನೊಬ್ಬರು ಈ ಸಲ ಚಳಿ ಜಾಸ್ತಿ ಎನ್ನುತ್ತಾರೆ, ಮತ್ತೊಬ್ಬರು ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದನ್ನು ಹಂಚುತ್ತಾರೆ, ಕೊನೆಗೆ ಎಲ್ಲರೂ ಇಸ್ಪೀಟು ಆಡುವವರ ಹಾಗೆ ಊಹೆ ಮಾಡಿ ಒಂದು ಕಡೆ ವಾಲುತ್ತಾರೆ. ತಮ್ಮ ಮನೆಯ ಬಿಲ್ಲನ್ನು ತೆಗೆದು ನೋಡುವವರು ಮಾತ್ರ ಕಮ್ಮಿ.

ಇದನ್ನು ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿಮ್ಮ ಓದುಗರಲ್ಲಿ ಎಷ್ಟೋ ಜನರ ಮಕ್ಕಳು ಇಲ್ಲಿ ಓದುತ್ತಿದ್ದಾರೆ, ನರ್ಸ್ ಕೆಲಸದಲ್ಲಿದ್ದಾರೆ, ಐಟಿಯಲ್ಲಿದ್ದಾರೆ. "ಮಗ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾನೆ, ಅಷ್ಟೊಂದು ಕರೆಂಟ್ ಬಿಲ್ ಹೇಗೆ ಬರುತ್ತೆ?" ಎಂದು ಊರಿನಿಂದ ಕೇಳುವ ಅಪ್ಪ ಅಮ್ಮಂದಿರನ್ನು ನಾನು ಬಹಳ ಕಂಡಿದ್ದೇನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರದ ಅರ್ಧ ಭಾಗ ಸ್ಟ್ಯಾಂಡಿಂಗ್ ಚಾರ್ಜಿನಲ್ಲಿದೆ. ಫಿಕ್ಸ್ ಮಾಡಬೇಕೋ ಬೇಡವೋ ಎಂಬುದಕ್ಕೂ ಮೊದಲು ನೋಡಬೇಕಾದ್ದು ಅದನ್ನೇ ಎಂಬುದು ನನ್ನ ವಾದ.

ಸ್ಟ್ಯಾಂಡಿಂಗ್ ಚಾರ್ಜ್ ಅಂದರೆ ದಿನದ ಬಾಡಿಗೆ. ನಮ್ಮೂರಿನ ಕರೆಂಟ್ ಬಿಲ್ಲಿನಲ್ಲೂ ಫಿಕ್ಸೆಡ್ ಚಾರ್ಜ್ ಎಂದು ಒಂದು ಸಾಲು ಇರುತ್ತದಲ್ವಾ, ಅದರ ಜಾತಿಯದ್ದೇ. ಅಲ್ಲಿ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳಿಗೊಮ್ಮೆ, ಇಲ್ಲಿ ಮೀಟರ್ ಒಂದಕ್ಕೆ ದಿನಕ್ಕಿಷ್ಟು ಪೆನ್ಸ್. ಒಂದು ಬಲ್ಬನ್ನೂ ಹಚ್ಚದೆ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದರೂ ಅದು ಓಡುತ್ತಲೇ ಇರುತ್ತದೆ. ಕರೆಂಟಿಗೆ ಒಂದು, ಗ್ಯಾಸಿಗೆ ಇನ್ನೊಂದು. ಗ್ಯಾಸ್ ಎಂದರೆ ಇಲ್ಲಿ ಸಿಲಿಂಡರ್ ಅಲ್ಲ, ರಸ್ತೆಯಡಿಯ ಪೈಪಿನಲ್ಲಿ ಬರುವುದು. ಅದರಲ್ಲಿ ಅಡುಗೆಗೆ ಹೋಗುವುದು ಸ್ವಲ್ಪ, ಮನೆ ಬೆಚ್ಚಗಿಡಲು ಮತ್ತು ಬಿಸಿನೀರಿಗೆ ಹೋಗುವುದೇ ಜಾಸ್ತಿ.

ಲೆಕ್ಕಕ್ಕೆ 2026ರ ಜನವರಿಯಿಂದ ಮಾರ್ಚ್‌ವರೆಗಿನ ದರಗಳನ್ನೇ ಹಿಡಿಯುತ್ತೇನೆ. ಡೈರೆಕ್ಟ್ ಡೆಬಿಟ್ ಮೂಲಕ, ಅಂದರೆ ಬ್ಯಾಂಕಿನಿಂದ ತಾನಾಗಿಯೇ ಹೋಗುವ ಹಾಗೆ ಕಟ್ಟುವವರಿಗೆ ಆಗ ಸರಾಸರಿ ಮಿತಿ ಹೀಗಿತ್ತು (ಯೂನಿಟ್ ಎಂದರೆ ಎರಡಕ್ಕೂ ಒಂದು ಕಿಲೋವ್ಯಾಟ್-ಗಂಟೆ): ಕರೆಂಟು ಯೂನಿಟ್ಟಿಗೆ 27.69 ಪೆನ್ಸ್, ಗ್ಯಾಸು ಯೂನಿಟ್ಟಿಗೆ 5.93 ಪೆನ್ಸ್, ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ ಕರೆಂಟಿಗೆ 54.75 ಪೆನ್ಸ್, ಗ್ಯಾಸಿಗೆ 35.09 ಪೆನ್ಸ್. ಇದರಲ್ಲಿ ಶೇ 5ರ ತೆರಿಗೆಯೂ ಸೇರಿತ್ತು. ಸ್ಟ್ಯಾಂಡಿಂಗ್ ಚಾರ್ಜ್ ಎರಡನ್ನೂ ಕೂಡಿ ವರ್ಷಕ್ಕೆ ಗುಣಿಸಿದರೆ 328 ಪೌಂಡ್. ಬೆಚ್ಚಗಾಗುವ ಮುಂಚೆಯೇ, ಒಂದು ಲೋಟ ಕಾಫಿ ಕಾಯಿಸುವ ಮುಂಚೆಯೇ 328 ಪೌಂಡ್.

ಇದೇ ಮೊತ್ತ 2021ರ ಅಕ್ಟೋಬರಿನಲ್ಲಿ ವರ್ಷಕ್ಕೆ 186 ಪೌಂಡಿನ ಆಸುಪಾಸು ಇತ್ತು. ಆಗ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ ಸುಮಾರು 25 ಪೆನ್ಸ್. 2022ರ ಏಪ್ರಿಲ್ ಒಂದೇ ಏಟಿಗೆ ಅದನ್ನು 45 ಪೆನ್ಸಿಗೆ ಒಯ್ದಿತು. ಉಕ್ರೇನ್ ಯುದ್ಧ ಅಂತ ಎಲ್ಲರೂ ಹೇಳುತ್ತಾರೆ. ಯೂನಿಟ್ ದರದ ಮಟ್ಟಿಗೆ ಅದು ನಿಜ, ಸ್ಟ್ಯಾಂಡಿಂಗ್ ಚಾರ್ಜಿನ ಜಿಗಿತಕ್ಕೆ ಮಾತ್ರ ಬೇರೆ ಎರಡು ಕಾರಣಗಳಿದ್ದವು. ಒಂದು, 2021 ಮತ್ತು 2022ರಲ್ಲಿ ಸುಮಾರು 30 ಇಂಧನ ಕಂಪನಿಗಳು ಬಾಗಿಲು ಹಾಕಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ದಾಟಿಸುವ ಖರ್ಚನ್ನು ಎಲ್ಲ ಮನೆಗಳ ಮೇಲೂ ಹಂಚಿದರು. ಇನ್ನೊಂದು, ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಖರ್ಚಿನಲ್ಲಿ ಒಂದು ದೊಡ್ಡ ಪಾಲನ್ನು ಯೂನಿಟ್ಟಿನ ಲೆಕ್ಕದಿಂದ ತೆಗೆದು ದಿನದ ಲೆಕ್ಕಕ್ಕೆ ಹಾಕಿದರು. ಸೋಲಾರ್ ಪ್ಯಾನೆಲ್ ಇಟ್ಟುಕೊಂಡವರು ಯೂನಿಟ್ ಕಡಿಮೆ ಬಳಸಿ ತಂತಿಯ ಖರ್ಚಿನಿಂದ ತಪ್ಪಿಸಿಕೊಳ್ಳುತ್ತಾರೆ, ಆ ಭಾರ ಉಳಿದವರ ಮೇಲೆ ಬೀಳುತ್ತದೆ ಎಂಬುದು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೆ ಸೋಲಾರ್ ಇಲ್ಲದೆ, ಸುಮ್ನೆ ಹೊಟ್ಟೆಬಟ್ಟೆ ಕಟ್ಟಿ ಕಡಿಮೆ ಬಳಸುವ ಬಡವನೂ ಅದೇ ಬಲೆಗೆ ಬಿದ್ದ.

ಕಂಪನಿಗಳು ಮುಳುಗಿದ ಖರ್ಚು ತೀರಿದ ಮೇಲೆ ಚಾರ್ಜ್ ಇಳಿಯಬೇಕಿತ್ತು ಎಂದು ನೀವು ಕೇಳಬಹುದು. ಇಳಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ಏನಾಯಿತು ನೋಡಿ. ಸಗಟು ಮಾರುಕಟ್ಟೆಯಲ್ಲಿ ಇಂಧನದ ಬೆಲೆ ಸ್ವಲ್ಪ ಇಳಿದಿತ್ತು, ಆದರೂ ಸಾಮಾನ್ಯ ಮನೆಯ ವರ್ಷದ ಬಿಲ್ಲಿನ ಲೆಕ್ಕದಲ್ಲಿ ಮಿತಿ 1,720ರಿಂದ 1,755 ಪೌಂಡಿಗೆ ಏರಿತು. ಗ್ಯಾಸಿನ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 29.82ರಿಂದ 34.03 ಪೆನ್ಸಿಗೆ, ಅಂದರೆ ಶೇ 14ರಷ್ಟು ಹೆಚ್ಚಿತು. ಮುಖ್ಯ ಕಾರಣ ವಾರ್ಮ್ ಹೋಮ್ ಡಿಸ್ಕೌಂಟ್ ಎಂಬ ಯೋಜನೆ. ಸರ್ಕಾರದ ನೆರವು ಪಡೆಯುವ ಮನೆಗಳಿಗೆ ಚಳಿಗಾಲದಲ್ಲಿ 150 ಪೌಂಡ್ ಬಿಲ್ಲಿನಲ್ಲಿ ಕಡಿತ ಕೊಡುವ ಯೋಜನೆ ಅದು. ಅದನ್ನು ಇನ್ನೂ 27 ಲಕ್ಷ ಮನೆಗಳಿಗೆ ವಿಸ್ತರಿಸಿದರು. ಯೋಜನೆಗೆ ನನ್ನ ತಕರಾರಿಲ್ಲ, ಬೇಕಾದದ್ದೇ. ಹಣ ತಂದ ದಾರಿಗೆ ತಕರಾರು. ಸಂಬಳಕ್ಕೆ ತಕ್ಕ ತೆರಿಗೆಯಿಂದ ತರಬೇಕಾದ್ದನ್ನು ಒಂದೇ ಕೋಣೆಯಲ್ಲಿರುವ ವಿದ್ಯಾರ್ಥಿಯಿಂದಲೂ, ಈಜುಕೊಳ ಇರುವ ಬಂಗಲೆಯಿಂದಲೂ ದಿನಕ್ಕೆ ಒಂದೇ ಸಮ ಎತ್ತಿದ್ದು ಯಾವ ನ್ಯಾಯ?

ಇನ್ನು ಆ 1,755 ಎಂಬ ಸಂಖ್ಯೆಯ ಬಗ್ಗೆ ನಿಮ್ಮಂಥ ಪತ್ರಿಕೆಗಳೊಂದಿಗೂ ಸ್ವಲ್ಪ ಜಗಳವಿದೆ. "ಬ್ರಿಟನ್ನಿನಲ್ಲಿ ಇಂಧನ ಬಿಲ್ಲಿಗೆ ಇಷ್ಟು ಪೌಂಡ್ ಮಿತಿ" ಎಂದು ಬರೆದರೆ ಓದಿದವರಿಗೆ ಏನನ್ನಿಸುತ್ತದೆ? ವರ್ಷದ ಬಿಲ್ಲು ಅದಕ್ಕಿಂತ ಜಾಸ್ತಿ ಬರುವುದಿಲ್ಲ ಅನ್ನಿಸುತ್ತದೆ. ಹಾಗಲ್ಲ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ, ಬಿಲ್ಲಿಗೆ ಅಲ್ಲ. ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಬಳಸುವ ಒಂದು ಕಾಲ್ಪನಿಕ ಮನೆಯ ಬಿಲ್ಲು ಅಷ್ಟಾಗುತ್ತದೆ ಎಂದಷ್ಟೇ ಅರ್ಥ. ಅದಕ್ಕಿಂತ ಹೆಚ್ಚು ಸುಟ್ಟರೆ ಹೆಚ್ಚು ಕಟ್ಟಬೇಕು, ಯಾರೂ ತಡೆಯುವುದಿಲ್ಲ. ದಯವಿಟ್ಟು ಪೌಂಡಿನ ಜೊತೆಗೆ ದಿನಕ್ಕೆಷ್ಟು ಪೆನ್ಸ್, ಯೂನಿಟ್ಟಿಗೆಷ್ಟು ಪೆನ್ಸ್ ಎಂಬುದನ್ನೂ ಒಂದು ಸಾಲು ಹಾಕಿ. ಈ ಮಿತಿ ಶುರುವಾದದ್ದು 2019ರ ಜನವರಿಯಲ್ಲಿ, ಅದಕ್ಕಾಗಿ ಹಿಂದಿನ ವರ್ಷ ಸಂಸತ್ತು ಕಾಯ್ದೆ ಮಾಡಿತ್ತು. ಕಂಪನಿ ಬದಲಾಯಿಸದೆ ಸುಮ್ಮನಿರುವ ಗ್ರಾಹಕರನ್ನು ಸುಲಿಯಬಾರದು ಎಂಬುದು ಉದ್ದೇಶ. ಹಾಗಾಗಿ ಇದು ಸ್ಟ್ಯಾಂಡರ್ಡ್ ವೇರಿಯಬಲ್ ಟ್ಯಾರಿಫಿನವರಿಗೆ, ಅಂದರೆ ಏನನ್ನೂ ಆರಿಸಿಕೊಳ್ಳದವರಿಗೆ ಇರುವ ರಕ್ಷಣೆ. ಫಿಕ್ಸ್ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ. ಫಿಕ್ಸ್ ಟ್ಯಾರಿಫಿನಲ್ಲಿ ಕಂಪನಿ ಮಿತಿಗಿಂತ ಮೇಲಿನ ದರವನ್ನೂ ಹೇಳಬಹುದು, ಸಹಿ ಹಾಕಿದರೆ ನೀವೇ ಒಪ್ಪಿದ ಹಾಗೆ. ಉತ್ತರ ಐರ್ಲೆಂಡಿನ ವ್ಯವಸ್ಥೆಯೇ ಬೇರೆ, ಅಲ್ಲಿರುವವರು ಈ ಪತ್ರದ ಲೆಕ್ಕ ಹಿಡಿಯಬೇಡಿ.

ಈಗ ಫಿಕ್ಸ್ ವಿಷಯ. ಫಿಕ್ಸ್ ಎಂದರೆ ಒಂದು ವರ್ಷವೋ ಎರಡು ವರ್ಷವೋ ನಾಲ್ಕೂ ದರಗಳು, ಅಂದರೆ ಎರಡು ಯೂನಿಟ್ ದರ ಮತ್ತು ಎರಡು ಸ್ಟ್ಯಾಂಡಿಂಗ್ ಚಾರ್ಜ್, ಹಾಗೇ ನಿಲ್ಲುತ್ತವೆ. ತಿಂಗಳಿಗೆ ಬ್ಯಾಂಕಿನಿಂದ ಹೋಗುವ ಹಣ ನಿಲ್ಲುವುದಿಲ್ಲ. ಇದನ್ನು ತಪ್ಪು ತಿಳಿದುಕೊಂಡವರು ಎಷ್ಟು ಜನ! ಫಿಕ್ಸ್ ಮಾಡಿದ್ದೇನಲ್ಲ, ಹೀಟಿಂಗ್ ಎಷ್ಟು ಹಾಕಿದರೂ ತಿಂಗಳಿಗೆ ಅಷ್ಟೇ ಎಂದುಕೊಂಡು ಚಳಿಗಾಲವಿಡೀ ಹೀಟರ್ ಉರಿಸಿ, ಏಪ್ರಿಲಿನಲ್ಲಿ ಕಂಪನಿ ಡೈರೆಕ್ಟ್ ಡೆಬಿಟ್ ಏರಿಸಿದಾಗ ಮೋಸ ಮೋಸ ಎಂದು ಕೂಗುತ್ತಾರೆ. ಮೋಸ ಅಲ್ಲ, ಬಳಕೆ.

ಸ್ಟ್ಯಾಂಡಿಂಗ್ ಚಾರ್ಜ್ ಏರುತ್ತಿದೆ, ಆದ್ದರಿಂದ ಬೇಗ ಫಿಕ್ಸ್ ಮಾಡಿಬಿಡಿ ಎಂಬ ಮಾತು ತುಂಬ ಓಡಾಡುತ್ತಿದೆ. ಅರ್ಧ ಸರಿ. ಫಿಕ್ಸ್ ಮಾಡಿದರೆ ಸ್ಟ್ಯಾಂಡಿಂಗ್ ಚಾರ್ಜೂ ಬೀಗ ಹಾಕಿದ ಹಾಗೆ ನಿಲ್ಲುತ್ತದೆ, ಅದು ನಿಜವಾದ ಲಾಭ. ಆದರೆ ಬೀಗ ಹಾಕುವುದು ಯಾವ ದರಕ್ಕೆ? ಫಿಕ್ಸ್ ಟ್ಯಾರಿಫುಗಳಲ್ಲಿ ಕಂಪನಿಗಳು ಯೂನಿಟ್ ದರವನ್ನು ಒಂದು ಪೆನ್ನಿ ಇಳಿಸಿ ಸ್ಟ್ಯಾಂಡಿಂಗ್ ಚಾರ್ಜನ್ನು ಮೇಲಕ್ಕೆ ಕೂರಿಸಬಹುದು, ಉಲ್ಟಾನೂ ಮಾಡಬಹುದು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು "ಮಿತಿಗಿಂತ ಇಷ್ಟು ಪೌಂಡ್ ಕಮ್ಮಿ" ಎಂಬುದು. ಅದು ಆ ಕಾಲ್ಪನಿಕ ಮನೆಗೆ ಕಮ್ಮಿ. ನಿಮ್ಮ ಮನೆಗೆ?

ಒಂದು ಉದಾಹರಣೆ ಮಾಡೋಣ. ಕರೆಂಟ್ ಮಾತ್ರ ಇರುವ ಮನೆ ಅಂದುಕೊಳ್ಳಿ. ಒಂದು ಫಿಕ್ಸ್ ಟ್ಯಾರಿಫ್ ಈಗಿನದಕ್ಕಿಂತ ಯೂನಿಟ್ಟಿಗೆ 1 ಪೆನ್ನಿ ಕಮ್ಮಿ, ಆದರೆ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 10 ಪೆನ್ಸ್ ಜಾಸ್ತಿ. ಹತ್ತು ಪೆನ್ಸ್ ಎಂದರೆ ವರ್ಷಕ್ಕೆ 36 ಪೌಂಡ್ 50 ಪೆನ್ಸ್. ಆ ನಷ್ಟವನ್ನು ಒಂದೊಂದು ಪೆನ್ನಿಯಾಗಿ ಗಿಟ್ಟಿಸಿಕೊಳ್ಳಬೇಕಾದರೆ ವರ್ಷಕ್ಕೆ 3,650 ಯೂನಿಟ್ ಸುಡಬೇಕು. ಒಬ್ಬರೋ ಇಬ್ಬರೋ ಇರುವ ಚಿಕ್ಕ ಫ್ಲ್ಯಾಟಿನ ಬಳಕೆ 1,800 ಯೂನಿಟ್ ಎಂದರೆ ಅವರಿಗೆ ಉಳಿಯುವುದು 18 ಪೌಂಡ್, ಹೋಗುವುದು 36 ಪೌಂಡ್ 50 ಪೆನ್ಸ್. 4,100 ಯೂನಿಟ್ ಬಳಸುವ ದೊಡ್ಡ ಸಂಸಾರಕ್ಕೆ ಅದೇ ಟ್ಯಾರಿಫಿನಲ್ಲಿ ನಾಲ್ಕೂವರೆ ಪೌಂಡ್ ಲಾಭ. ಟ್ಯಾರಿಫ್ ಒಂದೇ, ಫಲ ಬೇರೆ. ಹೀಗಿರುವಾಗ "ನಾನು ಇದನ್ನು ಮಾಡಿದೆ, ನೀನೂ ಮಾಡು" ಎಂದು ಗುಂಪಿನಲ್ಲಿ ಲಿಂಕ್ ಹಾಕುವುದರಲ್ಲಿ ಏನರ್ಥ?

ಸಣ್ಣ ಬಳಕೆಯವರ ಮೇಲೆ ಸ್ಟ್ಯಾಂಡಿಂಗ್ ಚಾರ್ಜಿನ ಭಾರ ಎಷ್ಟು ಎಂದು ನೋಡಿದರೆ ಊರಿನ ಅಪ್ಪ ಅಮ್ಮಂದಿರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೇಲಿನ ಜನವರಿ ದರದಲ್ಲಿ 1,800 ಯೂನಿಟ್ ಬಳಸಿದವರ ಕರೆಂಟ್ ಬಿಲ್ಲು ವರ್ಷಕ್ಕೆ ಸುಮಾರು 698 ಪೌಂಡ್, ಅದರಲ್ಲಿ 200 ಪೌಂಡ್ ಸ್ಟ್ಯಾಂಡಿಂಗ್ ಚಾರ್ಜ್. ಅವರೇ ಜಿಪುಣತನ ಮಾಡಿ, ದೀಪ ಆರಿಸಿ, ಹೀಟರ್ ಮುಟ್ಟದೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು 900 ಯೂನಿಟ್ಟಿಗೆ ಇಳಿಸಿದರು ಅನ್ನಿ. ಬಳಕೆ ಅರ್ಧ ಆಯಿತು. ಬಿಲ್ಲು ಅರ್ಧ ಆಗುವುದಿಲ್ಲ, 449 ಪೌಂಡ್ ಆಗುತ್ತದೆ. ಅದರಲ್ಲಿ ಶೇ 44ರಷ್ಟು ಸ್ಟ್ಯಾಂಡಿಂಗ್ ಚಾರ್ಜ್. ಇನ್ನೊಂದು ಕಡೆ ವರ್ಷಕ್ಕೆ 4,100 ಯೂನಿಟ್ ಕರೆಂಟು, 17,000 ಯೂನಿಟ್ ಗ್ಯಾಸು ಸುಡುವ ದೊಡ್ಡ ಮನೆಯ ಬಿಲ್ಲಿನಲ್ಲಿ ಸ್ಟ್ಯಾಂಡಿಂಗ್ ಚಾರ್ಜಿನ ಪಾಲು ಶೇ 13 ಮಾತ್ರ. ಕಡಿಮೆ ಬಳಸಿ, ಭೂಮಿ ಉಳಿಸಿ ಎಂದು ಉಪದೇಶ ಮಾಡುವ ಸರ್ಕಾರವೇ ಕಡಿಮೆ ಬಳಸಿದವನಿಗೆ ಹೀಗೆ ಮಾಡುತ್ತದೆ.

ಹಾಗಾದರೆ ಸ್ಟ್ಯಾಂಡಿಂಗ್ ಚಾರ್ಜನ್ನೇ ಕಿತ್ತುಹಾಕಿ ಎಂದು ಕೂಗುವವರ ಜೊತೆ ನಾನು ಪೂರ್ತಿ ಸೇರಲಾರೆ. ಕಿತ್ತರೆ ಆ ಹಣ ಯೂನಿಟ್ ದರಕ್ಕೆ ಹೋಗಿ ಕೂರುತ್ತದೆ, ಬೇರೆ ಜಾಗವಿಲ್ಲ. ಆಗ ಸರಿಯಾದ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ತಡೆಯುವ ಹೊದಿಕೆ, ಇಲ್ಲದ ಹಳೆಯ ಮನೆಯಲ್ಲಿ ಎಲೆಕ್ಟ್ರಿಕ್ ಹೀಟರ್ ನಂಬಿಕೊಂಡ ಬಡ ಸಂಸಾರ, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡ ರೋಗಿ, ಇವರೆಲ್ಲ ಜಾಸ್ತಿ ಕಟ್ಟಬೇಕಾಗುತ್ತದೆ. ಬಡವರೆಲ್ಲ ಕಡಿಮೆ ಬಳಸುತ್ತಾರೆ ಎಂಬುದು ನಮ್ಮ ಕಲ್ಪನೆ ಅಷ್ಟೆ. 2025ರ ಸೆಪ್ಟೆಂಬರಿನಲ್ಲಿ ಆಫ್‌ಜೆಮ್ ಒಂದು ಪ್ರಸ್ತಾಪ ಇಟ್ಟಿತು: ಪ್ರತಿ ಕಂಪನಿಯೂ ಸ್ಟ್ಯಾಂಡಿಂಗ್ ಚಾರ್ಜ್ ಕಡಿಮೆ ಇರುವ ಒಂದು ಟ್ಯಾರಿಫನ್ನಾದರೂ ಕೊಡಬೇಕು ಎಂದು. ಒಳ್ಳೆಯದೇ, ಆದರೆ ಒಟ್ಟು ಖರ್ಚು ಒಂದು ಪೆನ್ನಿಯೂ ಇಳಿಯುವುದಿಲ್ಲ, ಈ ಜೇಬಿನಿಂದ ಆ ಜೇಬಿಗೆ. ಒಂಟಿ ಮನುಷ್ಯನ ಫ್ಲ್ಯಾಟಿಗೆ, ವರ್ಷದಲ್ಲಿ ಕೆಲವು ತಿಂಗಳು ಬೀಗ ಹಾಕಿರುವ ಮನೆಗೆ ಅಂಥದ್ದು ಹೊಂದುತ್ತದೆ. ಉಳಿದವರು ಹೆಸರು ನೋಡಿ ಹಾರಬೇಡಿ.

ಭವಿಷ್ಯ ಹೇಳುವವರ ಬಗ್ಗೆ ಒಂದು ಮಾತು. ಕಾರ್ನ್‌ವಾಲ್ ಇನ್‌ಸೈಟ್ ಎಂಬ ಸಂಸ್ಥೆ ಮುಂದಿನ ಮಿತಿ ಎಷ್ಟಾಗಬಹುದು ಎಂದು ಆಗಾಗ ಅಂದಾಜು ಕೊಡುತ್ತದೆ. ಮುಂದಿನ ಮೂರು ತಿಂಗಳ ಮಟ್ಟಿಗೆ ಅದನ್ನು ನೋಡಬಹುದು, ಆಫ್‌ಜೆಮ್ ಬಳಸುವ ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಆಚೆಗೆ ಯಾರ ಮಾತನ್ನೂ ನಂಬಿ ಹಣ ಕಟ್ಟಬೇಡಿ. 2022ರ ಆಗಸ್ಟನ್ನು ನೆನಪಿಸಿಕೊಳ್ಳಿ. ಅಕ್ಟೋಬರಿನಿಂದ ಮಿತಿ 3,549 ಪೌಂಡ್ ಎಂದು ಪ್ರಕಟವಾಯಿತು, ಮುಂದೆ ಇನ್ನೂ ಏರುತ್ತದೆ ಎಂಬ ಅಂದಾಜುಗಳೂ ಬಂದವು. ಎಷ್ಟೋ ಜನ ಹೆದರಿ ಸಿಕ್ಕಿದ ದರಕ್ಕೆ ಫಿಕ್ಸ್ ಮಾಡಿದರು. ಸೆಪ್ಟೆಂಬರಿನಲ್ಲಿ ಸರ್ಕಾರವೇ ಮಧ್ಯೆ ಬಂದು ಸಾಮಾನ್ಯ ಮನೆಯ ಬಿಲ್ಲನ್ನು 2,500 ಪೌಂಡಿನ ಮಟ್ಟಕ್ಕೆ ಹಿಡಿದಿಟ್ಟಿತು. 2023ರ ಜನವರಿಯ ಮಿತಿ ಕಾಗದದ ಮೇಲೆ 4,279 ಪೌಂಡ್ ಇತ್ತು, ಅದೇ ವರ್ಷದ ಜುಲೈ ಹೊತ್ತಿಗೆ 2,074. ಏರುತ್ತದೆ ಎಂದವರೂ ಸರಿ, ಇಳಿಯುತ್ತದೆ ಎಂದವರೂ ಸರಿ, ಮಧ್ಯೆ ಸಿಕ್ಕಿಬಿದ್ದವನು ಮಾತ್ರ ತಪ್ಪು!

2026ರ ಏಪ್ರಿಲಿನ ಬದಲಾವಣೆಯ ಕಥೆಯೂ ಅಂಥದ್ದೇ. 2025ರ ನವೆಂಬರಿನ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಸರಾಸರಿ 150 ಪೌಂಡಿನಷ್ಟು ಬಿಲ್ಲು ಇಳಿಸುತ್ತೇವೆ ಎಂದರು. ಹಳೆಯ ಪವನ, ಸೌರ ಯೋಜನೆಗಳಿಗೆ ಕೊಡುವ ಸಬ್ಸಿಡಿಯ ಮುಕ್ಕಾಲು ಪಾಲನ್ನು ಬಿಲ್ಲಿನಿಂದ ತೆಗೆದು ಸರ್ಕಾರದ ಬೊಕ್ಕಸಕ್ಕೆ ಹಾಕುವುದು, ಮನೆಗಳ ಇನ್ಸುಲೇಷನ್ ಯೋಜನೆಯೊಂದನ್ನು ನಿಲ್ಲಿಸುವುದು, ಇವು ಆ ಇಳಿಕೆಯ ಮೂಲ. ಬಿಲ್ಲಿನ ಯಾವ ಸಾಲಿನಿಂದ ಹಣ ಹೋಗುತ್ತದೆ ಎಂದು ನೋಡಿ. ಆ ಸಬ್ಸಿಡಿ ಇರುವುದು ಕರೆಂಟಿನ ಯೂನಿಟ್ ದರದಲ್ಲಿ. ಅಂದರೆ ಜಾಸ್ತಿ ಕರೆಂಟ್ ಬಳಸುವವನಿಗೆ ಜಾಸ್ತಿ ಉಳಿತಾಯ, ಕಡಿಮೆ ಬಳಸುವವನಿಗೆ 150ರ ಹತ್ತಿರವೂ ಬರುವುದಿಲ್ಲ. ಇನ್ನೊಂದು ಕಡೆಯಿಂದ ತಂತಿ ಪೈಪುಗಳ ಖರ್ಚು ಏರುತ್ತಿದೆ. ಅದೇ ಡಿಸೆಂಬರಿನಲ್ಲಿ ಆಫ್‌ಜೆಮ್ ಕರೆಂಟ್ ಮತ್ತು ಗ್ಯಾಸ್ ಜಾಲಗಳಿಗೆ 28 ಶತಕೋಟಿ ಪೌಂಡಿನ ಹೂಡಿಕೆಗೆ ಒಪ್ಪಿಗೆ ಕೊಟ್ಟಿತು. ಅದು ಮರಳಿ ಬರಬೇಕಾದ್ದು ನಮ್ಮ ಬಿಲ್ಲುಗಳಿಂದಲೇ. ಹಾಗಾಗಿ ಯೂನಿಟ್ ದರ ಏನೇ ಆಗಲಿ, ದಿನದ ಬಾಡಿಗೆ ದೊಡ್ಡದಾಗಿ ಇಳಿಯುತ್ತದೆ ಎಂದು ನಾನಂತೂ ಕಾಯುತ್ತಾ ಕೂರುವುದಿಲ್ಲ.

ಹಾಗಿದ್ದರೆ ನಾನು ಏನು ಹೇಳುತ್ತೇನೆ? ಒಂದು ವರ್ಷದ ಬಳಕೆ ಎಷ್ಟು ಯೂನಿಟ್ ಎಂಬುದು ಬಿಲ್ಲಿನಲ್ಲೇ ಇರುತ್ತದೆ, ಕಂಪನಿಯ ಆ್ಯಪಿನಲ್ಲೂ ಸಿಗುತ್ತದೆ. ಅದನ್ನು ಯೂನಿಟ್ ದರದಿಂದ ಗುಣಿಸಿ, ಸ್ಟ್ಯಾಂಡಿಂಗ್ ಚಾರ್ಜನ್ನು 365ರಿಂದ ಗುಣಿಸಿ ಕೂಡಿ. ಈಗಿನ ಟ್ಯಾರಿಫಿಗೆ ಒಮ್ಮೆ, ಫಿಕ್ಸಿಗೆ ಒಮ್ಮೆ. ಫಿಕ್ಸ್ ನಿಮ್ಮ ಮನೆಯ ಲೆಕ್ಕದಲ್ಲಿ ಇವತ್ತೇ ಕಡಿಮೆ ಬಂದರೆ, ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ಎಕ್ಸಿಟ್ ಫೀ ಚಿಕ್ಕದಿದ್ದರೆ, ಮಾಡಿ. ಇವತ್ತು ಜಾಸ್ತಿ ಇದ್ದು "ಮುಂದೆ ಉಳಿಯುತ್ತದೆ" ಎಂಬ ಆಸೆಯ ಮೇಲೆ ಮಾಡಬೇಕಾದರೆ ಬೇಡ. ಒಂದು ಅಪವಾದ ಇದೆ: ಕೈಯಲ್ಲಿ ಉಳಿತಾಯವೇ ಇಲ್ಲದ, ದರ ದಿಢೀರ್ ಏರಿದರೆ ಬಾಡಿಗೆ ಕಟ್ಟಲೂ ಆಗದ ಸ್ಥಿತಿ ಇರುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಫಿಕ್ಸ್ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಅವರು ಕೊಳ್ಳುತ್ತಿರುವುದು ನಿದ್ದೆ, ಉಳಿತಾಯ ಅಲ್ಲ.

ಲೆಕ್ಕ ಹಾಕುವಾಗ ನಿಮ್ಮ ಪಿನ್‌ಕೋಡಿನ ದರವನ್ನೇ ಹಾಕಿ, ಇಲ್ಲಿ ಅದಕ್ಕೆ ಪೋಸ್ಟ್‌ಕೋಡ್ ಎನ್ನುತ್ತಾರೆ. ನಾನು ಮೇಲೆ ಕೊಟ್ಟದ್ದು ಸರಾಸರಿ. ದೇಶವನ್ನು 14 ವಲಯಗಳಾಗಿ ಮಾಡಿದ್ದಾರೆ, ವಲಯಕ್ಕೊಂದು ಸ್ಟ್ಯಾಂಡಿಂಗ್ ಚಾರ್ಜ್. ಲಂಡನ್ನಿನಲ್ಲಿ ಕರೆಂಟಿನದ್ದು ಸರಾಸರಿಗಿಂತ ಕಮ್ಮಿ, ಉತ್ತರ ವೇಲ್ಸ್ ಮತ್ತು ಲಿವರ್‌ಪೂಲ್ ಕಡೆ ಜಾಸ್ತಿ. ಲಂಡನ್ನಿನ ಸ್ನೇಹಿತನ ಸಲಹೆ ಲಿವರ್‌ಪೂಲಿನವನಿಗೆ ಹೊಂದದೇ ಇರುವುದಕ್ಕೆ ಇದೂ ಒಂದು ಕಾರಣ.

ಗ್ಯಾಸಿನ ವಿಷಯ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಆಶ್ಚರ್ಯ. ಕೆಲವು ಫ್ಲ್ಯಾಟುಗಳಲ್ಲಿ ಹೀಟಿಂಗ್ ಕರೆಂಟಿನದ್ದು, ಗ್ಯಾಸ್ ಇರುವುದು ಬರೀ ಒಲೆಗೆ. ಅನ್ನ ಸಾರು ಮಾಡಿಕೊಳ್ಳುವುದಕ್ಕೆ ಹೋಗುವ ಗ್ಯಾಸ್ ಎಷ್ಟು ಮಹಾ? ಆದರೆ ಆ ಮೀಟರ್ ಗೋಡೆಯ ಮೇಲಿದೆ ಎಂಬ ಒಂದೇ ಕಾರಣಕ್ಕೆ, ಮೇಲಿನ ಜನವರಿ ದರದಲ್ಲಿ, ವರ್ಷಕ್ಕೆ 128 ಪೌಂಡ್. ಸ್ವಂತ ಮನೆಯಾದರೆ ಇಂಡಕ್ಷನ್ ಒಲೆ ಹಾಕಿಸಿ ಗ್ಯಾಸ್ ಮೀಟರನ್ನೇ ತೆಗೆಸುವ ಬಗ್ಗೆ ಯೋಚಿಸಬಹುದು, ತೆಗೆಸುವುದಕ್ಕೆ ಖರ್ಚು ಬರಬಹುದು, ಮೊದಲೇ ಕೇಳಿ. ಬಾಡಿಗೆಯವರಿಗೆ ಆ ದಾರಿ ಇಲ್ಲ, ಮನೆ ನೋಡುವಾಗಲೇ ಎಷ್ಟು ಮೀಟರ್ ಎಂದು ನೋಡಿಕೊಳ್ಳುವುದೊಂದೇ.

ವಿದ್ಯಾರ್ಥಿಗಳಿಗೆ ಇನ್ನೂ ಒಂದೆರಡು. ಬಿಲ್ಲು ನಿಮ್ಮ ಹೆಸರಿಗೇ ಬರುತ್ತಿದ್ದರೆ ಕಂಪನಿ ಬದಲಿಸುವ, ಫಿಕ್ಸ್ ಮಾಡುವ ಹಕ್ಕು ನಿಮ್ಮದೇ, ಮನೆ ಮಾಲೀಕರು ಬೇಡ ಎನ್ನುವಂತಿಲ್ಲ. ಆದರೆ ಜೂನಿನಲ್ಲಿ ಖಾಲಿ ಮಾಡುವ ಮನೆಗೆ ಎರಡು ವರ್ಷದ ಫಿಕ್ಸ್ ಯಾಕೆ? ಎಕ್ಸಿಟ್ ಫೀ ಕರೆಂಟಿಗೊಂದು, ಗ್ಯಾಸಿಗೊಂದು ಬೇರೆ ಬೇರೆ ಇರುತ್ತದೆ, ಎರಡನ್ನೂ ಕೂಡಿ ನೋಡಿ. ಪ್ರಿಪೇಮೆಂಟ್ ಮೀಟರ್, ಅಂದರೆ ಮೊದಲೇ ಹಣ ತುಂಬಿಸಿ ಬಳಸುವ ಮೀಟರ್, ಇರುವ ಮನೆಯವರು ಇನ್ನೊಂದು ಗಮನಿಸಿ. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದು ಮೀಟರಿಗೆ ಹಣ ಹಾಕಿದರೆ ಅರ್ಧ ಎಲ್ಲಿ ಹೋಯಿತು ಎಂದು ಗಾಬರಿಯಾಗುತ್ತದೆ. ಎಲ್ಲೂ ಹೋಗಿಲ್ಲ, ನೀವು ಇಲ್ಲದ ದಿನಗಳ ಸ್ಟ್ಯಾಂಡಿಂಗ್ ಚಾರ್ಜ್ ಸಾಲವಾಗಿ ಕೂತಿತ್ತು, ಹಣ ಹಾಕಿದ ಕೂಡಲೇ ಮೊದಲು ಅದನ್ನು ಎತ್ತಿಕೊಂಡಿತು. ಹೋಗುವ ಮುಂಚೆ ಅಷ್ಟು ಹಣ ತುಂಬಿಸಿಟ್ಟು ಹೋದರೆ ಬಂದ ರಾತ್ರಿ ಕತ್ತಲಲ್ಲಿ ಕೂರಬೇಕಾಗಿಲ್ಲ. ಫ್ರಿಜ್ ಆಫ್ ಮಾಡಿಯೇ ಹೋಗಿದ್ದೆ ಎನ್ನುವ ವಾದ ಮೀಟರಿನ ಹತ್ತಿರ ನಡೆಯುವುದಿಲ್ಲ.

ಫಿಕ್ಸ್ ಮುಗಿಯುವ ಹೊತ್ತಿಗೆ ಎಚ್ಚರ ಇರಲಿ. ಸುಮ್ಮನಿದ್ದರೆ ಸಾಮಾನ್ಯವಾಗಿ ಕಂಪನಿಯ ವೇರಿಯಬಲ್ ಟ್ಯಾರಿಫಿಗೆ ತಾನಾಗಿಯೇ ಬೀಳುತ್ತೀರಿ. ಕೊನೆಯ 49 ದಿನಗಳಲ್ಲಿ ಬಿಟ್ಟುಹೋದರೆ ಎಕ್ಸಿಟ್ ಫೀ ಹಾಕುವಂತಿಲ್ಲ ಎಂಬುದು ಆಫ್‌ಜೆಮ್ ನಿಯಮ. ಹೊಸದಾಗಿ ಒಪ್ಪಿಕೊಂಡದ್ದು ಇಷ್ಟವಾಗದಿದ್ದರೆ 14 ದಿನದೊಳಗೆ ರದ್ದು ಮಾಡಬಹುದು. ಕಂಪನಿ ಬದಲಾಗುವ ದಿನ ಎರಡೂ ಮೀಟರುಗಳ ಫೋಟೋ ತೆಗೆದಿಡಿ, ಸ್ಮಾರ್ಟ್ ಮೀಟರ್ ಇದ್ದರೂ. ನನಗೆ ಒಮ್ಮೆ ಹಳೆಯ ಕಂಪನಿಯಿಂದ ಅಂದಾಜಿನ ಮೇಲೆ ಕೊನೆಯ ಬಿಲ್ಲು ಬಂದಿತ್ತು, ಫೋಟೋ ಇದ್ದದ್ದಕ್ಕೆ ವಾದ ಉದ್ದವಾಗಲಿಲ್ಲ.

ನಮ್ಮ ಮನೆ ಏನು ಮಾಡಿತು ಎಂದು ಕೇಳುವವರಿಗೆ: ಫಿಕ್ಸ್ ಮಾಡಿದ್ದೇವೆ, ಒಂದು ವರ್ಷಕ್ಕೆ. ನಾವು ಮನೆ ತುಂಬ ಜನ, ಗ್ಯಾಸ್ ಹೀಟಿಂಗ್, ಬಳಕೆ ಜಾಸ್ತಿ. ಸ್ಟ್ಯಾಂಡಿಂಗ್ ಚಾರ್ಜ್ ಮಿತಿಯ ಮಟ್ಟದಲ್ಲೇ ಇತ್ತು, ಯೂನಿಟ್ ದರ ಕಡಿಮೆ ಇತ್ತು. ಪಕ್ಕದ ಬೀದಿಯಲ್ಲಿ ಒಂಟಿಯಾಗಿರುವ ಕನ್ನಡದ ಅಜ್ಜಿಯೊಬ್ಬರು ಅದೇ ಟ್ಯಾರಿಫ್ ತೋರಿಸಿ ನನ್ನನ್ನು ಕೇಳಿದರು, ಬೇಡ ಅಂದೆ. ಅವರ ಲೆಕ್ಕದಲ್ಲಿ ಎಕ್ಸಿಟ್ ಫೀ ತಗುಲಿಸಿಕೊಳ್ಳುವಷ್ಟು ಉಳಿತಾಯ ಅದರಲ್ಲಿ ಇರಲಿಲ್ಲ. "ಹಾಗಾದರೆ ನನ್ನ ಬಿಲ್ಲು ಹೇಗಪ್ಪಾ ಇಳಿಯುತ್ತೆ?" ಅಂದರು. ಅವರಿಗೆ ವಾರ್ಮ್ ಹೋಮ್ ಡಿಸ್ಕೌಂಟ್ ಸಿಗುವ ಹಾಗಿದೆಯೇ ಎಂದು ಪೆನ್ಷನ್ ಕಾಗದಗಳನ್ನು ಹಿಡಿದುಕೊಂಡು ಈ ಶನಿವಾರ ಕೂರುತ್ತಿದ್ದೇವೆ.

ಇಂತಿ,
ಬ್ರಿಟನ್ನಿನಲ್ಲಿರುವ ನಿಮ್ಮ ಒಬ್ಬ ಓದುಗ